ಫ್ರಿಜ್ಜಿನಲ್ಲಿಟ್ಟ ಅಣಬೆ

"ಬಾಯಾರ, ನಮ್ಮ ಮಾಮಾ ವಿಷಾ ಮಾರೂ ಮನಶ್ಯಾ ಅಲ್ರೀ!" ಎಂದು ಶಾಕಿರ ಬಾಗಿಲಲ್ಲೇ ಅತ್ತುಬಿಟ್ಟ. ಬೆಳಗಾವಿಯಲ್ಲಿ ಆಟೋ ಓಡಿಸುವ ಅವನು, ನಿವೃತ್ತ ಪೊಲೀಸ್ ಅಧಿಕಾರಿ ಪ್ರಮಿಳಾ ಕೈಗೆತ್ತಿಕೊಂಡ ಪತ್ತೇದಾರಿಕೆಗಳಿಗೆಲ್ಲ ಸಾರಥಿ, ಬಲಗೈ, ಕೆಲವೊಮ್ಮೆ ತಲೆನೋವು. ಅಂದು ಮಾತ್ರ ಅವನಿಗೆ ಒಂದು ತಮಾಷೆಯೂ ಹೊಳೆಯಲಿಲ್ಲ. ಜಾಂಬೋಟಿ ರಸ್ತೆಯಲ್ಲಿ ಅಣಬೆ ಮಾರುವ ಅವನ ಸೋದರಮಾವ ಕಲಂದರನನ್ನು ಪೊಲೀಸರು ಖಾನಾಪುರದ ಮನೆಯಿಂದ ಹಿಡಿದು ತಂದಿದ್ದರು. ಅವನ ಅಣಬೆ ತಿಂದೇ ಬಟ್ಟೆ ವ್ಯಾಪಾರಿ ಬಸಲಿಂಗಪ್ಪ ಸತ್ತರೆಂಬುದು ಆರೋಪ.

ಇಬ್ಬರೂ ಬಸಲಿಂಗಪ್ಪನವರ ಮನೆಗೆ ಹೋದರು.

"ಉಂಡಮ್ಯಾಲೆ ಗ್ವಾಡಿ ನೋಡಿ ನಗಾಕ ಹತ್ತಿದ್ರು," ಎಂದರು ಹೆಂಡತಿ ಕಾಂತಾ. "ವಾಂತಿ ಗೀಂತಿ ಏನೂ ಇಲ್ಲ. ಮಾಳಗಿ ಮ್ಯಾಲ ಹೋಗಿ, ಮುಂದ ಹಾದಿ ಐತಿ ಅನ್ನೂವಂಗ ಅಂಚಿನಾಚೆ ಕಾಲಿಟ್ಟು ಕೆಳಗ ಬಿದ್ರು. ನಂದು ಸೋಮವಾರದ ಉಪವಾಸ, ನಾ ತಿಂದಿರಲಿಲ್ಲ."

"ಅಣಬಿ ಎಲ್ಲಿತ್ರೀ?" ಎಂದು ಕೇಳಿದರು ಪ್ರಮಿಳಾ.

"ಫ್ರಿಜ್ಜಿನ್ಯಾಗ. ಮೊನ್ನಿಯಿಂದ ಇತ್ತು."

ಪ್ರಮಿಳಾ ಕಸದಲ್ಲಿದ್ದ ಕಾಂಡಗಳನ್ನು ಎತ್ತಿ ನೋಡಿದರು. ಬುಡದಲ್ಲಿ ಒಣ ಸಗಣಿ ಅಂಟಿತ್ತು, ಹಿಚುಕಿದಲ್ಲೆಲ್ಲ ನೀಲಿ ಕಲೆಯಿತ್ತು.

ಮರುದಿನ ಅದೇ ಪಡಸಾಲೆಯಲ್ಲಿ ಇನ್‌ಸ್ಪೆಕ್ಟರ್ ಬೀರಣ್ಣ, ಕಲಂದರ, ಕಾಂತಾ, ಅವರ ಮಗ ವಿನಯ ಎಲ್ಲರೂ ಸೇರಿದರು.

"ಕಲಂದರ ಮಾರೂದು ಹುತ್ತದ ಅಣಬಿ," ಎಂದರು ಪ್ರಮಿಳಾ. "ಅದಕ್ಕ ಉದ್ದನ ಬೇರು, ಕೆಂಪು ಮಣ್ಣು ಇರತಾವು. ಇದು ಸಗಣ್ಯಾಗ ಹುಟ್ಟಿದ್ದು, ನಶಾಕ್ಕ ತಿನ್ನೂದು. ಇಲ್ಲದ್ದು ಕಾಣತೈತಿ, ಎಲ್ಲಿ ನೆಲಾ ಮುಗೀತು ಅನ್ನೂದು ತಿಳಿಯಂಗಿಲ್ಲ. ಅದರಾಗಿನ ಸೈಲೊಸೈಬಿನ್ ಅನ್ನೂ ನಶಾದ ಅಂಶ ಮಾದಕವಸ್ತು ಕಾಯ್ದೆದಾಗ ಬರತೈತಿ. ಅಣಬಿನೂ ಬರತೈತೇನು ಅಂತ ಕೋರ್ಟಿನ್ಯಾಗ ವಾದ ಆಗ್ಯಾವು. ಇನ್ನೊಂದು ಮಾತು. ನಮ್ಮ ಕಡೆ ಅಣಬಿ ತಂದ ದಿನಾನ ಪಲ್ಯಾ ಮಾಡ್ತಾರ, ಇಟ್ರ ಕೆಡತೈತಿ. ಅಂದ್ರ ಇದನ್ನ ತಂದಿಟ್ಟವರಿಗೆ ಪಲ್ಯಾ ಬೇಕಾಗಿರಲಿಲ್ಲ. ಅಕ್ಕಾರ, ತಂದವರು ಯಾರ್ರೀ?"

"ವಿನಯ," ಎಂದರು ಕಾಂತಾ, ಮಗನ ಕಡೆ ತಿರುಗುತ್ತ. "ಕಲಂದರನ ಹತ್ರಾನ ತಗೊಂಡಾನ ಅಂತ ನಾ ಪೊಲೀಸರಿಗೆ ಹೇಳಿದೆ. ನೀ ಸುಮ್ಮನ ನಿಂತಿದ್ದಿ."

ವಿನಯ ಮುಖ ಮುಚ್ಚಿಕೊಂಡ. "ಗೆಳ್ಯಾರ ಜೋಡಿ ತಿನ್ನಾಕ ಆರಿಸ್ಕೊಂಡು ಬಂದಿದ್ದೆ ಯವ್ವಾ. ನೀ ಅಡಗಿ ಮಾಡ್ತಿ ಅಂತ ಗೊತ್ತಿರಲಿಲ್ಲ. ಆಮ್ಯಾಲ ಹೇಳಾಕ ಧೈರ್ಯಾ ಬರಲಿಲ್ಲ."

ಬೀರಣ್ಣ ಕಲಂದರನಿಗೆ ಮನೆಗೆ ಹೋಗಲು ಹೇಳಿದರು. ಶಾಕಿರ ಮಾವನ ಕೈ ಹಿಡಿದುಕೊಂಡ. ವಿನಯನಿಗೆ ಬಾಯಿಗೆ ಬಂದಂತೆ ಬೈಯಬೇಕೆಂದಿದ್ದವನು ಕಾಂತಾರ ಮುಖ ನೋಡಿ ಮಾವನನ್ನು ಬಾಗಿಲ ಕಡೆ ನಡೆಸಿದ. ಗೆದ್ದ ಖುಷಿ ಅವನ ಹತ್ತಿರವೂ ಸುಳಿಯಲಿಲ್ಲ.

"ವರ್ಷಾತು ನೀ ನಿಮ್ಮಪ್ಪನ ಜೋಡಿ ಮಾತಾಡಿರಲಿಲ್ಲ," ಎಂದರು ಕಾಂತಾ. "ಅಣಬಿ ಅಂದ್ರ ಅವರಿಗೆ ಜೀವ. ಸಿಟ್ಟು ಇಳದು ಅಪ್ಪಗಂತ ತಂದೀಯಂತ ನಾ ತಿಳದೆ, ಅವರಿಗೂ ಹಂಗ ಹೇಳಿದೆ. ಅಳಕೋತ ಉಂಡ್ರೋ ವಿನ್ಯಾ. ನನ್ನ ಮಗಾ ತಂದದ್ದು, ಇನ್ನಷ್ಟು ನೀಡು ಅಂದ್ರು. ನಾ ನೀಡಿದೆ."