ಚಪ್ಪಲಿ ಸ್ಟ್ಯಾಂಡಿನ ಮೇಲಿನ ಸರ್ವರ್

ಅಮ್ಮ ಒಂದೊಂದೇ ವೈರನ್ನು ಕಿತ್ತು ಮತ್ತೆ ಸಿಕ್ಕಿಸುತ್ತಿದ್ದಳು. ಚಪ್ಪಲಿ ಸ್ಟ್ಯಾಂಡಿನ ಮೇಲಿದ್ದ ಹಳೇ ಲ್ಯಾಪ್‌ಟಾಪಿನ ಪರದೆ ಸೊನ್ನೆ ತೋರಿಸುತ್ತಿತ್ತು. ಬೆಳಿಗ್ಗೆ ಅಲ್ಲಿ ನಲವತ್ತೊಂದು ಇತ್ತು.

“ಕರೆಂಟಿದೆ, ನೆಟ್ಟಿದೆ. ಇದಕ್ಕೇನು ರೋಗ ಬಂತು?” ಅಂದಳು ಅಮ್ಮ. ಅವಳ ಕೆಲಸ ಪ್ರಿಂಟರ್ ರಿಪೇರಿ. ಯಾವ ಯಂತ್ರ ಕೈಕೊಟ್ಟರೂ ಮೊದಲು ವೈರಿನ ಮೇಲೇ ಅವಳಿಗೆ ಅನುಮಾನ.

ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಮನೆಯಲ್ಲಿ ಅವಳನ್ನು ಡಂಗುರ ಅಂತಲೇ ಕರೆಯುವುದು. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ ಅಂತ ಅಜ್ಜಿ ಇಟ್ಟ ಹೆಸರು. ಇವತ್ತು ಮಾತ್ರ ಡಂಗುರ ತುಟಿ ಬಿಚ್ಚಿರಲಿಲ್ಲ.

ಚಿಕ್ಕಮ್ಮ ಗಡಿಯಾಚೆಯ ದೇಶದಲ್ಲಿ ನರ್ಸ್. ಅಲ್ಲಿನ ಸರ್ಕಾರ ಮೆಸೇಜ್ ಆ್ಯಪನ್ನು ತಡೆದು ವರ್ಷವಾಗಿತ್ತು. ಅದಕ್ಕೇ ಅಮ್ಮ ಈ ಲ್ಯಾಪ್‌ಟಾಪಿನಲ್ಲಿ ಪ್ರಾಕ್ಸಿ ನಡೆಸುತ್ತಿದ್ದಳು. ಚಿಕ್ಕಮ್ಮ ಕಳಿಸಿದ್ದು ಮೊದಲು ಈ ಮನೆಗೆ ಬರುತ್ತದೆ, ಇಲ್ಲಿಂದ ಆ್ಯಪಿಗೆ ಹೋಗುತ್ತದೆ. ಅಂಟಿಸಿದ ಲಕೋಟೆಯ ಹಾಗೆ, ಒಳಗೇನಿದೆ ಅಂತ ದಾಟಿಸುವ ಅಮ್ಮನಿಗೂ ಗೊತ್ತಾಗುವುದಿಲ್ಲ. ಚಿಕ್ಕಮ್ಮ ಅದರ ಲಿಂಕನ್ನು ನಂಬಿಕಸ್ಥರಿಗೆ ಕೊಟ್ಟಿದ್ದಳು, ಅವರು ತಮ್ಮವರಿಗೆ. ಹಾಗೇ ನಲವತ್ತೊಂದು ಜನ ಆಗಿದ್ದರು.

ಅಮ್ಮ ಕತ್ತರಿ ತಂದಳು. “ಈ ಕೇಬಲ್ಲೇ ಹಾಳಾಗಿರಬೇಕು. ಕತ್ತರಿಸಿ ಬೇರೆ ಪಿನ್ ಹಾಕ್ತೀನಿ.”

“ಕೇಬಲ್ ಸರಿಯಾಗೇ ಇದೆ ಅಮ್ಮ,” ಅಂದಳು ಡಂಗುರ. “ನಾನು ಲಿಂಕನ್ನ ಕ್ಲಾಸ್ ಗ್ರೂಪಿಗೆ ಹಾಕಿದ್ದೆ. ಭಾನುವಾರ.”

ಕತ್ತರಿ ನಿಂತಿತು. “ಯಾಕೆ?”

“ನಮ್ಮ ಕ್ಲಾಸಿನ ಸೋಡಾಬುಡ್ಡಿ ಅವರ ಮನೇಲಿ ಗುಡಿಸೋ ರೋಬೋ ಇದೆ ಅಂತ ಫೋಟೋ ಹಾಕಿದ್ದ. ನಮ್ಮನೇಲಿ ಸರ್ವರ್ ಇದೆ ಅಂದೆ. ಬುರುಡೆ ಬಿಡಬೇಡ ಅಂದ್ರು ಎಲ್ಲಾರೂ. ಅದಕ್ಕೆ…”

“ಎಷ್ಟು ಜನ ಇದ್ದಾರೆ ಆ ಗ್ರೂಪಲ್ಲಿ?”

“ಐವತ್ತಾರು. ಅಪ್ಪ ಅಮ್ಮಂದಿರೂ ಸೇರಿ.”

ಅಮ್ಮ ಸ್ಟೂಲಿನ ಮೇಲೆ ಕೂತಳು. “ಅವರು ಇನ್ನೆಲ್ಲಿಗೋ ಫಾರ್ವರ್ಡ್ ಮಾಡಿರ್ತಾರೆ. ಅಲ್ಲಿ ಆ್ಯಪ್ ತಡೆಯೋರು ಇಂಥ ಲಿಂಕ್ ಎಲ್ಲಿ ಸಿಗುತ್ತೆ ಅಂತಲೇ ಹುಡುಕ್ತಾ ಇರ್ತಾರೆ. ಸಿಕ್ಕಿದೆ, ಬಾಗಿಲು ಹಾಕಿದಾರೆ.” ಅವಳು ಬೈಯಲಿಲ್ಲ. ಎರಡು ಏಟು ಕೊಟ್ಟಿದ್ದರೂ ಪರವಾಗಿರಲಿಲ್ಲ ಅನ್ನಿಸಿತು ಡಂಗುರಳಿಗೆ.

“ಹೊಸ ಲಿಂಕ್ ಮಾಡಿ ಚಿಕ್ಕಮ್ಮನಿಗೆ ಫೋನಲ್ಲಿ ಹೇಳಿಬಿಡೋಣ.”

“ಫೋನಲ್ಲಿ ಹೇಳಿದ್ರೆ ಕೇಳಿಸಿಕೊಳ್ಳೋರು ಕೇಳಿಸಿಕೊಳ್ತಾರೆ. ಆಮೇಲೆ ಪೊಲೀಸರು ಹುಡುಕಿಕೊಂಡು ಹೋಗೋದು ಅವಳನ್ನ. ಸದ್ಯಕ್ಕೆ ಅವಳಿಗೆ ಫೋನೇ ಬೇಡ.”

ಅವತ್ತು ಸಂಜೆ ಅಜ್ಜಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ದಿನಾ ಏಳು ಗಂಟೆಗೆ ಚಿಕ್ಕಮ್ಮನಿಂದ ಎರಡೇ ಮಾತು ಬರುತ್ತಿತ್ತು: “ಊಟ ಆಯ್ತು.” ಅದನ್ನು ನೋಡಿದ ಮೇಲೆಯೇ ಅಜ್ಜಿ ತಟ್ಟೆ ಮುಂದೆ ಕೂರುತ್ತಿದ್ದಳು. ಅವತ್ತು ಒಂಬತ್ತಾದರೂ ಏಳಲಿಲ್ಲ.

“ಊಟಕ್ಕೆ ಬಾಮ್ಮ,” ಅಂದಳು ಅಮ್ಮ.

“ನೀವು ಮಾಡಿ. ನನಗೆ ಹಸಿವಿಲ್ಲ,” ಅಂದಳು ಅಜ್ಜಿ. ಬುಧವಾರವೂ ಅದೇ ಉತ್ತರ. ಗುರುವಾರ ಮಾತ್ರ ಅಮ್ಮನ ಬಲವಂತಕ್ಕೆ ಅರ್ಧ ಲೋಟ ಹಾಲು ಕುಡಿದಳು. ಡಂಗುರಳಿಗೆ ಅಜ್ಜಿಯ ಮುಖ ನೋಡುವುದಕ್ಕೇ ಆಗಲಿಲ್ಲ.

ಕೆಳಗಿನ ಮನೆಯ ಲಾರಿ ಡ್ರೈವರ್ ಶುಕ್ರವಾರ ಗಡಿ ದಾಟಿ ಚಿಕ್ಕಮ್ಮನ ಊರಿಗೇ ಲೋಡ್ ಒಯ್ಯುವವನಿದ್ದ. ಅಮ್ಮ ಅಷ್ಟರಲ್ಲಿ ಹೊಸ ಲಿಂಕ್ ಮಾಡಿಕೊಂಡಿದ್ದಳು. “ನೀನೇ ಬರಿ. ಒಂದು ಅಕ್ಷರ ತಪ್ಪಿದ್ರೂ ತೆರೆಯಲ್ಲ,” ಅಂದಳು. ಚಿಕ್ಕಮ್ಮನಿಗೆ ತಲುಪಿಸಬೇಕಾದ ಚೀಟಿಯಲ್ಲಿ ಡಂಗುರ ಬರೆದಳು, ಪರದೆಯ ಜೊತೆ ಮೂರು ಸಲ ತಾಳೆ ನೋಡಿದಳು. ಡ್ರೈವರ್ ಚೀಟಿಯನ್ನು ಲೈಸೆನ್ಸಿನ ಕವರಿನೊಳಗೆ ಸೇರಿಸಿದ. ಏನಿದು ಅಂತ ಅವನೂ ಕೇಳಲಿಲ್ಲ.

ಶನಿವಾರ ಸಂಜೆ ಅಜ್ಜಿಯ ಮಡಿಲಲ್ಲಿ ಫೋನ್ ಸದ್ದು ಮಾಡಿತು. ಅಜ್ಜಿ ಕನ್ನಡಕ ಹುಡುಕಿ, ಹಾಕಿಕೊಂಡು, ಓದಿ, ಏನೂ ಆಗದವಳ ಹಾಗೆ ಎದ್ದಳು. “ತಟ್ಟೆ ಹಾಕಿ. ಹೊಟ್ಟೆ ಚುರುಗುಟ್ಟುತ್ತಿದೆ.”

ಡಂಗುರ ಕುಣಿಯುತ್ತಾ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಓಡಿದಳು. ಪರದೆಯಲ್ಲಿ ಒಂದು ಅಂತ ಇತ್ತು. ಕುಣಿತ ನಿಂತಿತು.

“ಅಮ್ಮ, ಉಳಿದ ನಲವತ್ತು ಜನಕ್ಕೆ ಯಾರು ಹೇಳ್ತಾರೆ?”

“ಚಿಕ್ಕಮ್ಮ ತನಗೆ ಗೊತ್ತಿರೋರಿಗೆ ಕೊಡ್ತಾಳೆ, ಅವರು ಇನ್ನೊಬ್ಬರಿಗೆ. ಕೈಯಿಂದ ಕೈಗೇ ಹೋಗಬೇಕು.”

“ಎಷ್ಟು ದಿನ ಆಗುತ್ತೆ?”

“ಯಾರಿಗ್ಗೊತ್ತು. ಅವರೆಲ್ಲ ಯಾರು ಅನ್ನೋದೇ ನಮಗೆ ಗೊತ್ತಿಲ್ಲ. ಬಾ, ಊಟ ಆರಿಹೋಗುತ್ತೆ.”

ಡಂಗುರ ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು. ಅಜ್ಜಿ ಗಬಗಬ ತಿನ್ನುತ್ತಿದ್ದಳು. ನಾಲ್ಕು ದಿನದ ಹಸಿವು ಅದು.

“ತಿನ್ನೇ,” ಅಂದಳು ಅಜ್ಜಿ.

“ಹೂಂ,” ಅಂದಳು ಡಂಗುರ. ಆದರೆ ತುತ್ತು ಎತ್ತುವುದಕ್ಕೆ ಕೈ ಬರಲಿಲ್ಲ. ಎಲ್ಲೆಲ್ಲೋ ನಲವತ್ತು ಮನೆಗಳಲ್ಲಿ ಯಾರೋ ಇನ್ನೂ ಫೋನನ್ನು ಮಡಿಲಲ್ಲಿಟ್ಟುಕೊಂಡು, ಹಸಿವಿಲ್ಲ ಅನ್ನುತ್ತಿದ್ದರು.