ಉಪ್ಪಿಲ್ಲದ ರೊಟ್ಟಿ

ಚಹಾ ಕೆಟಲಿ ತೊಳೆದ ಕುದಿನೀರನ್ನು ನಾನು ಬಂಡೆಯ ಮೇಲೆ ಚೆಲ್ಲಿದ್ದೇ ತಡ, ಜಲಪಾತದ ಸದ್ದು ನಿಂತುಹೋಯಿತು. ನೀರು ಮಾತ್ರ ಬೀಳುತ್ತಲೇ ಇತ್ತು, ನಡು ಮಧ್ಯಾಹ್ನದ ಬಿಸಿಲಲ್ಲಿ, ಕಾಮನಬಿಲ್ಲಿನ ಸಮೇತ, ಒಂದಿಷ್ಟೂ ಸದ್ದಿಲ್ಲದೆ.

“ಬಿಸ್ಮಿಲ್ಲಾ ಅಂದ್ಯೇನೋ?” ಬಾಸ್ಸು ಕೇಳಿದ. ಅಟ್ಲಾಸ್ ಬೆಟ್ಟದ ಈ ಕಾಡನ್ನು ಅವನು ಮೂವತ್ತು ವರ್ಷಗಳಿಂದ ಕಾಯುತ್ತಿದ್ದ. ನಾನು ಆರು ತಿಂಗಳಿಂದ.

“ಮರೆತೆ, ಚಿಕ್ಕಪ್ಪ.”

“ಕತ್ತೆ! ‘ಅವರು’ ಪಕ್ಕಕ್ಕೆ ಸರೀಲಿ ಅಂತಲ್ವೇನೋ ಹೇಳೋದು? ಕುದಿನೀರು ಯಾರ ಮೇಲೆ ಬಿತ್ತೋ!” ಕಣ್ಣಿಗೆ ಕಾಣದ ಜಿನ್‌ಗಳನ್ನು ಅವನು ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಅವನು ಚೀಲದಿಂದ ಉಪ್ಪಿಲ್ಲದ ರೊಟ್ಟಿ ತೆಗೆದ. ದಿನವೂ ಅದನ್ನು ಹೊತ್ತು ತರುತ್ತಿದ್ದ. ರೋಗಿಯ ಊಟ ಎಂದು ನಾನು ನಗುತ್ತಿದ್ದೆ.

“‘ಅವರು’ ಉಪ್ಪು ಮುಟ್ಟಲ್ಲ. ಎರಡೂ ಕೈಯಲ್ಲಿ ಹಿಡಿ. ಅವರು ತಗೊಂಡ್ರೆ ಕ್ಷಮಿಸಿದ ಹಾಗೆ. ಇಲ್ಲಾಂದ್ರೆ ನೀನು ಮತ್ತೆ ಈ ಕಾಡಿಗೆ ಕಾಲಿಡೋ ಹಾಗಿಲ್ಲ.”

ಈ ಕಾಡು ಬಿಟ್ಟು ನನಗೆ ಬೇರೆ ಬದುಕು ಬೇಕಿರಲಿಲ್ಲ. ಹಿಡಿದೆ. ರೊಟ್ಟಿ ಕಂಡರೆ ಕಿತ್ತುಕೊಂಡು ಓಡುವ ಕೋತಿಗಳು ಅಂದು ದೇವದಾರು ಮರಗಳಲ್ಲಿ ಮರಿಗಳನ್ನು ಎದೆಗವಚಿಕೊಂಡು ನೀರನ್ನೇ ನೋಡುತ್ತಿದ್ದವು. ನನ್ನ ಕೈಯಲ್ಲಿ ರೊಟ್ಟಿ ಹಿಮದಷ್ಟು ತಣ್ಣಗಾಯಿತು. ಹೆದರಿಕೆಯಾಗಲಿಲ್ಲ, ಸದ್ದಿಲ್ಲದೆ ಬೀಳುವ ಆ ನೀರಿನ ಚೆಲುವನ್ನು ನೋಡುವ ಯೋಗ್ಯತೆ ನನಗಿಲ್ಲವೆನ್ನಿಸಿತು.

ಧಾರೆಯ ಹಿಂದಿನಿಂದ ಒಬ್ಬ ಹೆಂಗಸು ಬಂದಳು. ಹೊದ್ದ ಕಂಬಳಿಗೆ ಒಂದು ಹನಿಯೂ ತಾಗಿರಲಿಲ್ಲ. ಬಲಪಾದದ ಮೇಲೆ ಆಗಷ್ಟೇ ಎದ್ದ ಸುಟ್ಟ ಗುಳ್ಳೆಗಳಿದ್ದವು.

“ಅಮ್ಮಾ, ಹುಡುಗ ತಪ್ಪು ಮಾಡ್ದ. ತಗೊಳ್ಳಿ,” ಎಂದ ಬಾಸ್ಸು, ತಲೆ ಎತ್ತದೆ.

ಅವಳು ರೊಟ್ಟಿಯನ್ನು ನೋಡಿದಳು, ಆಮೇಲೆ ನನ್ನನ್ನು.

“ಬೇಡ,” ಎಂದಳು.