ಎರಡು ಜಿಬಿ ಜಾಗ

ಯಶವಂತನ ಅಪ್ಪ ಮುನಿಶಾಮಪ್ಪನ ಸಮಾಧಿ ಇದ್ದದ್ದು ಅಮೃತಹಳ್ಳಿಯ ಹೊಲದ ಮೂಲೆಯಲ್ಲಿ. ಹೊಲ ಕೊಳ್ಳುವಾಗ ಅದನ್ನು ಮುಟ್ಟುವುದಿಲ್ಲವೆಂದು ಬಿಲ್ಡರ್ ಮುನಿರತ್ನ ಮಾತು ಕೊಟ್ಟಿದ್ದ. ಆಮೇಲೊಂದು ಬೆಳಿಗ್ಗೆ ಜೆಸಿಬಿ ತರಿಸಿ ಕೀಳಿಸಿ, ಅಲ್ಲಿ ಕಾರ್ ಶೆಡ್ ಕಟ್ಟಿಸಿದ. ಕೇಳಲು ಹೋದ ಯಶವಂತನಿಗೆ, “ಸತ್ತೋರಿಗೆ ಯಾಕೋ ಸೈಟು?” ಎಂದು ನಕ್ಕ. ಆ ನಗು ಯಶವಂತನ ಹೊಟ್ಟೆಯಲ್ಲಿ ಐದು ವರ್ಷ ಉರಿಯಿತು.

ಸಹಕಾರನಗರದಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ಮಧ್ಯಾಹ್ನ ಮುನಿರತ್ನನ ಆಫೀಸಿನ ರಾಧಾಮಣಿ, ಹತ್ತಿರದ ಅಂಗಡಿಯೆಂದು ಅಲ್ಲಿಗೇ ಸಿಪಿಯು ತಂದಳು. ಅವಳು ಯಾರ ಆಫೀಸಿನವಳೆಂದು ಯಶವಂತನಿಗೆ ಗೊತ್ತಿತ್ತು; ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

“ಸಿ ಡ್ರೈವ್ ತುಂಬ್ಹೋಗಿದೆ ಕಣ್ರೀ. ಡಿ ಇಂದ ಸ್ವಲ್ಪ ಜಾಗ ತೆಗೆದು ಕೊಡಿ.”

“ಸಂಜೆ ಬನ್ನಿ ಮೇಡಂ,” ಎಂದ ಯಶವಂತ. ದೇವರಿದ್ದಾನೆ ಅಂದುಕೊಂಡ.

ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಬ್ಬಿಸಿದ. ಡಿಸ್ಕಿನ ಡಿ ಭಾಗವನ್ನು, ಅಂದರೆ ಡಿ ಪಾರ್ಟಿಷನ್ನನ್ನು, ಕುಗ್ಗಿಸಿ, ಹಿಂದಕ್ಕೆ ಸರಿಸಿ, ಖಾಲಿಯಾದ ಜಾಗವನ್ನು ವಿಂಡೋಸ್ ಇರುವ ಸಿ ಗೆ ಸೇರಿಸಿದ. ಪೂರ್ತಿ ಸೇರಿಸಲಿಲ್ಲ. ನಡುವೆ ಎರಡು ಜಿಬಿ ಉಳಿಸಿಕೊಂಡು, ವಿಂಡೋಸ್ ತೋರಿಸದಂಥ ಪುಟ್ಟ ಪಾರ್ಟಿಷನ್ ಮಾಡಿದ. ಅದರೊಳಗೆ ತುಂಬಿದ್ದು ನೋಂದಣಿ ಕಚೇರಿಯ ನಕಲಿ ಮೊಹರುಗಳ ಚಿತ್ರಗಳು, ಖೋಟಾ ಕ್ರಯಪತ್ರಗಳು. ಇಂಥದೊಂದು ದಿನಕ್ಕೆಂದೇ ತಿಂಗಳುಗಟ್ಟಲೆ ಕೂತು ತಯಾರಿಸಿಟ್ಟಿದ್ದ.

ಮುಖ್ಯವಾದದ್ದು ತಾರೀಕು. ಪಾರ್ಟಿಷನ್ ಹುಟ್ಟಿದ ದಿನವೂ ಅದರೊಳಗೇ ದಾಖಲಾಗುತ್ತದೆ. ದಡ್ಡರು ಸಿಕ್ಕಿಬೀಳುವುದು ಅಲ್ಲೇ. ಯಶವಂತ ದಡ್ಡನಲ್ಲ. ಕೆಲಸಕ್ಕೆ ಮುಂಚೆಯೇ ಸಿಸ್ಟಂ ಗಡಿಯಾರವನ್ನು ಮೂರು ವರ್ಷ ಹಿಂದಕ್ಕೆ ತಿರುಗಿಸಿದ್ದ. ಆಗ ಈ ಸಿಸ್ಟಂ ಅವನ ಕಣ್ಣಿಗೂ ಬಿದ್ದಿರಲಿಲ್ಲ, ಅನುಮಾನ ಹೇಗೆ ಬಂದೀತು? ಕೊನೆಗೆ ಗಡಿಯಾರ ಸರಿಮಾಡಿ ವಿಂಡೋಸ್ ಎಬ್ಬಿಸಿದ. ಎಂದಿನಂತೆ ಎದ್ದಿತು. ಸಂಜೆ ರಾಧಾಮಣಿ ಥ್ಯಾಂಕ್ಸ್ ಹೇಳಿ ಒಯ್ದಳು.

ಎರಡು ತಿಂಗಳು ಬಿಟ್ಟು ಪೊಲೀಸರಿಗೆ ಹೆಸರಿಲ್ಲದ ಪತ್ರ ಹಾಕಿದ. ಅವರು ಡಿಸ್ಕ್ ಜಾಲಾಡಿ, ಎರಡು ಜಿಬಿ ಪತ್ತೆಮಾಡಿ, ಮುನಿರತ್ನನನ್ನು ಜೀಪು ಹತ್ತಿಸಿದರು. ಯಶವಂತ ಕಾರ್ ಶೆಡ್ ಎದುರಿಗೇ ನಿಂತು ಕಣ್ತುಂಬ ನೋಡಿದ. ಈಗ ನಗು ನೋಡೋಣ, ಅಂದುಕೊಂಡ. ಆ ದಿನ ಊಟ ರುಚಿಯಾಗಿತ್ತು.

ನಾಲ್ಕನೇ ದಿನ ಸೈಬರ್ ಠಾಣೆಯ ಇನ್‌ಸ್ಪೆಕ್ಟರ್ ವೀರಬಸಪ್ಪ ರಾಧಾಮಣಿಯ ಜೊತೆ ಅಂಗಡಿಗೆ ಬಂದರು. ಮೇಜಿನ ಮೇಲೆ ಅರಿಶಿನ ಕುಂಕುಮ ಮೆತ್ತಿದ ಹಾರ್ಡ್‌ಡಿಸ್ಕ್ ಒಂದನ್ನಿಟ್ಟರು. “ನಮ್ ಸಿಸ್ಟಮ್ಮಿನ ಹಳೇ ಡಿಸ್ಕು,” ಎಂದಳು ರಾಧಾಮಣಿ. “ಹೋದ ವರ್ಷ ಆರ್.ಟಿ. ನಗರದ ತಾಜುದ್ದೀನ್ ಅವ್ರು ಇದ್ರಲ್ಲಿದ್ದಿದ್ದನ್ನೆಲ್ಲ ಹೊಸದಕ್ಕೆ ಕಾಪಿ ಮಾಡಿ ಹಾಕಿಕೊಟ್ರು. ಇದನ್ನ ಎಸೀಲಿಲ್ಲ, ಆಯುಧಪೂಜೆಲಿ ಇಟ್ಟು ಪೂಜೆ ಮಾಡಿದ್ವಿ.” ವೀರಬಸಪ್ಪ ಸ್ಟೂಲು ಎಳೆದುಕೊಂಡು ಕೂತರು. “ಮೂರು ವರ್ಷದ ಹಿಂದೆ ಮಾಡಿದ ಪಾರ್ಟಿಷನ್ನು ಹೋದ ವರ್ಷದ ತನಕ ಓಡಿದ ಈ ಡಿಸ್ಕಲ್ಲಿ ಇರಬೇಕಿತ್ತಲ್ಲಪ್ಪ. ಇಲ್ಲ. ಅಂದ್ರೆ ತಾರೀಕು ಸುಳ್ಳು. ಹೊಸದು ಹಾಕಿದ್ಮೇಲೆ ಈ ಸಿಸ್ಟಂ ಆಫೀಸಿನಿಂದಾಚೆ ಹೋಗಿದ್ದು ಒಂದೇ ಸಲ, ನಿನ್ನ ಅಂಗಡಿಗೆ. ಆ ಎರಡು ಜಿಬಿ ಕೂತಿರೋದೂ ನೀನು ಡಿ ಇಂದ ತೆಗೆದ ಜಾಗದಲ್ಲೇ.”